ಮೊದಲು ರೂಮ್, ಆಮೇಲೆ ಮೈಕ್: ಮನೆ ಸ್ಟುಡಿಯೋಗೆ ಸಾಮಾನು ಆರಿಸುವ, ಜೋಡಿಸುವ ಸರಿಯಾದ ಕ್ರಮ

ತಿಂಗಳಿಗೆ ಎರಡು ಮೂರು ಸಲವಾದರೂ ಯಾರೋ ಒಬ್ಬರು ನನಗೆ ಫೈಲ್ ಕಳಿಸುತ್ತಾರೆ. ಜೊತೆಗೆ ಒಂದು ಸಾಲು ಇರುತ್ತದೆ: "ಅಣ್ಣಾ, ಮೈಕ್ ಹೊಸದು, ಸೌಂಡ್ ಕಾರ್ಡೂ ಹೊಸದು, ಆದ್ರೂ ಬಚ್ಚಲುಮನೇಲಿ ಹಾಡಿದ ಹಾಗೆ ಕೇಳ್ಸುತ್ತೆ. ಯಾವ ಪ್ಲಗಿನ್ ಹಾಕ್ಲಿ?" ಸದ್ದು ತಿದ್ದುವ ಸಣ್ಣ ಸಾಫ್ಟ್‌ವೇರ್‌ಗೆ ಪ್ಲಗಿನ್ ಅನ್ನುತ್ತಾರೆ. ಇದಕ್ಕೆ ಯಾವ ಪ್ಲಗಿನ್ನೂ ಇಲ್ಲ ಸ್ವಾಮಿ. ಸಾಮಾನು ಕೊಂಡ ಕ್ರಮವೇ ತಪ್ಪು. ಮೊದಲು ಮೈಕ್, ಆಮೇಲೆ ಸ್ಪೀಕರ್, ಕೊನೆಗೆ ದುಡ್ಡು ಉಳಿದರೆ ರೂಮ್ ಅಂತ ಹೊರಡುತ್ತಾರೆ. ಆಗಬೇಕಾದ್ದು ಇದರ ಉಲ್ಟಾ.

ಇದು ಒಬ್ಬಿಬ್ಬರು ಹಾಡುವ, ಓದುವ, ವಾಯ್ಸ್ ಓವರ್ ಕೊಡುವ ಸಣ್ಣ ಜಾಗದ ಬಗ್ಗೆ. ಕಂಪ್ಯೂಟರ್ ಈಗಾಗಲೇ ಇದೆ ಅಂತ ಇಟ್ಟುಕೊಳ್ಳೋಣ. ಉಳಿದ ಖರ್ಚಿನಲ್ಲಿ ನೂರು ರೂಪಾಯಿ ಇದ್ದರೆ ನಾನು ಹೀಗೆ ಹಂಚುತ್ತೇನೆ: ರೂಮ್‌ಗೆ 30, ಮೈಕ್‌ಗೆ 25, ಇಂಟರ್‌ಫೇಸ್‌ಗೆ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಡಬ್ಬಿ, ಜನ ಸೌಂಡ್ ಕಾರ್ಡ್ ಅನ್ನುವುದು) 20, ಹೆಡ್‌ಫೋನ್‌ಗೆ 15, ಸ್ಟ್ಯಾಂಡು ಕೇಬಲ್ಲು ಇತ್ಯಾದಿಗೆ 10. ಸ್ಪೀಕರ್‌ಗೆ ಸದ್ಯಕ್ಕೆ ಸೊನ್ನೆ.

ಹಂತ 1: ಏನು ರೆಕಾರ್ಡ್ ಮಾಡುತ್ತೀರಿ ಅಂತ ಬರೆದಿಡಿ

ಒಂದೇ ಸಾಲು ಸಾಕು. "ನಾನೊಬ್ಬಳೇ ಭಾವಗೀತೆ ಹಾಡ್ತೀನಿ, ಟ್ರ್ಯಾಕ್ ರೆಡಿ ಇರುತ್ತೆ." ಅಥವಾ "ಹಾಡುಗಾರಿಕೆ, ಪಿಟೀಲು, ಮೃದಂಗ ಮೂರೂ ಒಟ್ಟಿಗೆ." ಮುಖ್ಯವಾದ ಪ್ರಶ್ನೆ ಒಂದೇ: ಒಂದೇ ಹೊತ್ತಿಗೆ ಎಷ್ಟು ಮೈಕ್ ಆನ್ ಆಗಿರಬೇಕು? ಒಬ್ಬರೇ ಆದರೆ ಒಂದು. ಮೂವರೂ ಒಟ್ಟಿಗೆ ಕೂತರೆ ಕನಿಷ್ಠ ಮೂರು, ಮೃದಂಗದ ಎರಡೂ ಕಡೆಗೆ ಬೇರೆ ಬೇರೆ ಮೈಕ್ ಇಟ್ಟರೆ ನಾಲ್ಕು. ಇಂಟರ್‌ಫೇಸ್ ಆರಿಸುವಾಗ ಈ ಸಂಖ್ಯೆ ಬೇಕಾಗುತ್ತದೆ.

"ಮುಂದೆ ಬ್ಯಾಂಡ್ ಮಾಡ್ಬಹುದು" ಅಂತ ಎಂಟು ಇನ್‌ಪುಟ್‌ನದ್ದು ಕೊಂಡು, ಏಳಕ್ಕೆ ಧೂಳು ಹಿಡಿಸಿಕೊಂಡು ಕೂತವರನ್ನು ನಾನು ಕಂಡಿದ್ದೇನೆ. ಬೇಡ.

ಹಂತ 2: ರೂಮ್ ಆರಿಸಿ, ಒಂದು ಪೈಸೆ ಖರ್ಚಿಲ್ಲದೆ

ನಿಮ್ಮ ಫೋನೇ ಸಾಕು. ರಾತ್ರಿ ಹತ್ತಕ್ಕೊಮ್ಮೆ, ಬೆಳಿಗ್ಗೆ ಹನ್ನೊಂದಕ್ಕೊಮ್ಮೆ ಮನೆಯ ಪ್ರತಿ ಕೋಣೆಯಲ್ಲೂ ಫೋನನ್ನು ಕುರ್ಚಿ ಮೇಲಿಟ್ಟು ಒಂದು ನಿಮಿಷ ಸುಮ್ನೆ ರೆಕಾರ್ಡ್ ಮಾಡಿ. ಫ್ಯಾನ್ ಆಫ್ ಇರಲಿ. ಆಮೇಲೆ ಇಯರ್‌ಫೋನ್ ಹಾಕಿ ವಾಲ್ಯೂಮ್ ಏರಿಸಿ ಕೇಳಿ. ಫ್ರಿಜ್ಜಿನ ಗುಂಯ್, ಪಕ್ಕದ ಮನೆಯ ಸಂಪಿನ ಮೋಟಾರು, ಇನ್ವರ್ಟರ್ ಸದ್ದು, ಬೀದಿ ನಾಯಿ, ಕುಕ್ಕರ್ ವಿಶಲ್, ಎಲ್ಲವೂ ಕಿವಿಗೆ ಬೀಳುತ್ತದೆ. ದಿನಾ ನಾವು ಇವನ್ನೆಲ್ಲ ಕೇಳಿಯೂ ಕೇಳದವರ ಹಾಗೆ ಇರುತ್ತೇವೆ, ಮೈಕ್ ಹಾಗಲ್ಲ.

ಎರಡನೇ ಪರೀಕ್ಷೆ ಚಪ್ಪಾಳೆ. ಕೋಣೆಯ ನಡುವೆ ನಿಂತು ಜೋರಾಗಿ ಒಂದೇ ಒಂದು ಚಪ್ಪಾಳೆ ತಟ್ಟಿ. ಅದರ ಹಿಂದೆಯೇ "ಟ್ರ್‌ರ್" ಅಂತ ನಡುಗುವ ಬಾಲ ಬಂದರೆ ಎದುರುಬದುರು ಬರಿ ಗೋಡೆಗಳ ಮಧ್ಯೆ ಸದ್ದು ಚೆಂಡಿನ ಹಾಗೆ ಪುಟಿಯುತ್ತಿದೆ ಅಂತ ಅರ್ಥ.

ಸಾಮಾನ್ಯವಾಗಿ ಗೆಲ್ಲುವುದು ಮಲಗುವ ಕೋಣೆ. ಹಾಸಿಗೆ, ಪರದೆ, ಬಟ್ಟೆ ತುಂಬಿದ ಬೀರು, ಇವೆಲ್ಲ ಸದ್ದು ಹೀರುತ್ತವೆ. ಸೋಲುವುದು ಟೈಲ್ಸ್ ಹಾಕಿದ ಹಾಲ್ ಮತ್ತು "ಸ್ಟುಡಿಯೋಗೆ ಅಂತಲೇ" ಖಾಲಿ ಮಾಡಿದ ರೂಮ್.

ಇನ್ನೊಂದು ವಿಷಯ, ನಮ್ಮ ಊರುಗಳ ಬಾಡಿಗೆ ಮನೆಗಳಿಗೆ ಬಹಳ ಅನ್ವಯಿಸುವಂಥದ್ದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ತಾರಸಿಯೂ ಹತ್ತಡಿ ಎತ್ತರ. ಇಂಥ ಚೌಕದ ಡಬ್ಬಿ ರೆಕಾರ್ಡಿಂಗ್‌ಗೆ ತುಂಬಾ ಕೆಟ್ಟ ಆಕಾರ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್, ಅದರ ದುಪ್ಪಟ್ಟು 113 ಹರ್ಟ್ಜ್, ಹೀಗೆ ಕೆಲವು ಸ್ವರಗಳು ಊದಿಕೊಳ್ಳುತ್ತವೆ. ಮೂರು ಅಳತೆಯೂ ಒಂದೇ ಆದರೆ ಮೂರರ ಊತವೂ ಒಂದೇ ಜಾಗಕ್ಕೆ ಬಂದು ಬೀಳುತ್ತದೆ. ಒಂದು, ಒಂದೂವರೆ ಶ್ರುತಿಯಲ್ಲಿ ಹಾಡುವ ಗಂಡಸರ ಮಂದ್ರ ಧೈವತ ಹೆಚ್ಚುಕಡಿಮೆ ಅಲ್ಲೇ ಇದೆ. "ಆ ಒಂದು ಸ್ವರಕ್ಕೆ ಮಾತ್ರ ಗುಂಯ್ ಅನ್ನುತ್ತೆ, ಗಂಟಲು ಸರಿ ಇಲ್ವಾ?" ಅಂತ ಒಬ್ಬರು ಕೇಳಿದ್ದರು. ಗಂಟಲು ಚೆನ್ನಾಗಿಯೇ ಇತ್ತು, ರೂಮ್ ಚೌಕವಾಗಿತ್ತು.

ಬೇರೆ ಕೋಣೆ ಇಲ್ಲದಿದ್ದರೆ ಪರವಾಗಿಲ್ಲ. ನಟ್ಟನಡುವೆ ನಿಲ್ಲಬೇಡಿ, ಮೂಲೆಯಲ್ಲೂ ನಿಲ್ಲಬೇಡಿ. ನಡುವಿನಿಂದ ಒಂದೆರಡು ಅಡಿ ಸರಿದು ನಿಂತು, ಕೆಳಗಿನ ಸ್ವರಗಳನ್ನು ಹಾಡುತ್ತಾ ಎಲ್ಲಿ ಗುಂಯ್ ಕಡಿಮೆಯೋ ಆ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ.

ಹಂತ 3: ಗೋಡೆಗಳನ್ನು ಪಳಗಿಸಿ

ಎರಡು ಬೇರೆ ಬೇರೆ ಕೆಲಸಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಹೊರಗಿನ ಸದ್ದು ಒಳಗೆ ಬರದ ಹಾಗೆ ತಡೆಯುವುದು ಒಂದು. ಒಳಗಿನ ಸದ್ದು ಪ್ರತಿಧ್ವನಿಸದ ಹಾಗೆ ಹೀರುವುದು ಇನ್ನೊಂದು. ತಡೆಯಲು ತೂಕ ಬೇಕು: ಇಟ್ಟಿಗೆ ಗೋಡೆ, ಗಟ್ಟಿ ಬಾಗಿಲು, ಸಂದಿಗಳಿಗೆ ರಬ್ಬರ್ ಪಟ್ಟಿ. ಹೀರಲು ದಪ್ಪನೆಯ ಮೆತ್ತನೆ ವಸ್ತು ಬೇಕು. ಗೋಡೆಗೆ ಫೋಮ್ ಅಂಟಿಸಿದರೆ ಬಸ್ಸಿನ ಹಾರ್ನ್ ನಿಲ್ಲುವುದಿಲ್ಲ. ಮೊಟ್ಟೆ ಟ್ರೇ ಅಂತೂ ಎರಡನ್ನೂ ಮಾಡುವುದಿಲ್ಲ, ಬೆಂಕಿಗೆ ಮಾತ್ರ ಚೆನ್ನಾಗಿ ಹತ್ತಿಕೊಳ್ಳುತ್ತದೆ.

ಒಂದು ಇಂಚಿನ ಫೋಮ್ ಚೌಕಗಳ ತೊಂದರೆ ಏನೆಂದರೆ ಅವು ಮೇಲಿನ ಚುರುಕು ಸದ್ದನ್ನಷ್ಟೇ ಹೀರುತ್ತವೆ, ಕೆಳಗಿನ ಗುಂಯ್ ಹಾಗೇ ಉಳಿಯುತ್ತದೆ. ಆಗ ದನಿ ಕಂಬಳಿ ಹೊದ್ದುಕೊಂಡು ಡಬ್ಬಿಯೊಳಗೆ ಮಾತಾಡಿದ ಹಾಗಾಗುತ್ತದೆ. 100 ಹರ್ಟ್ಜ್‌ನ ಒಂದು ಅಲೆ ಸುಮಾರು ಮೂರೂವರೆ ಮೀಟರ್ ಉದ್ದ. ಅದರ ಮುಂದೆ ಒಂದು ಇಂಚು ಯಾವ ಲೆಕ್ಕ?

ಅಗ್ಗದ ದಾರಿ: ಕೌದಿ. ಹೌದು, ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ ಧೋತ್ರ ಸೇರಿಸಿ ಹೊಲಿಯುವ ಅದೇ ಕೌದಿ. ಎರಡನ್ನು ಒಂದರ ಮೇಲೊಂದು ಮಡಿಸಿ ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ನೇತುಹಾಕಿ. ಕಂಬಳಿ, ರಜಾಯಿಯೂ ನಡೆಯುತ್ತದೆ. ಗೋಡೆಗೆ ತಾಗಿಸಬೇಡಿ, ಒಂದು ಗೇಣು ಮುಂದಕ್ಕೆ ಇರಲಿ. ಆ ಖಾಲಿ ಜಾಗದಿಂದ ಇನ್ನೂ ಸ್ವಲ್ಪ ಕೆಳಗಿನ ಸದ್ದನ್ನೂ ಹಿಡಿಯುತ್ತದೆ.

ಗಟ್ಟಿ ದಾರಿ: ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ಪ್ಯಾನೆಲ್. ಘನ ಮೀಟರಿಗೆ 48ರಿಂದ 64 ಕೆಜಿ ಸಾಂದ್ರತೆಯ, 50 ಮಿಲಿಮೀಟರ್ ದಪ್ಪದ ಹಲಗೆ ಎರಡು ಪದರ, ನಾಲ್ಕಡಿ ಎರಡಡಿ ಮರದ ಚೌಕಟ್ಟು, ಮೇಲೆ ಗಾಳಿ ಆಡುವ ಬಟ್ಟೆ. ಬಾಯಿಟ್ಟು ಊದಿದರೆ ಉಸಿರು ದಾಟುವಂಥ ಬಟ್ಟೆ ಇರಬೇಕು, ರೆಕ್ಸಿನ್ ಆಗುವುದಿಲ್ಲ. ಎಲ್ಲಿ ಸಿಗುತ್ತದೆ ಅಂತ ಫಾಲ್ಸ್ ಸೀಲಿಂಗ್ ಮಾಡುವವರನ್ನು ಕೇಳಿ. ಕೆಲಸ ಮಾಡುವಾಗ ಮಾಸ್ಕ್, ಕೈಗವಸು, ತುಂಬು ತೋಳಿನ ಅಂಗಿ ಕಡ್ಡಾಯ. ಆ ನಾರು ಚುಚ್ಚಿದರೆ ಎರಡು ದಿನ ತುರಿಸುತ್ತದೆ.

ಈಗ ಹೆಚ್ಚಿನವರು ಮಾಡುವ ತಪ್ಪು. ಇದ್ದಬದ್ದ ಫೋಮನ್ನೆಲ್ಲ ಮೈಕಿನ ಹಿಂದೆ ಅಂಟಿಸುತ್ತಾರೆ. ಆದರೆ ಸಾಮಾನ್ಯ ಕಾರ್ಡಿಯಾಯ್ಡ್ ಮೈಕ್ ತನ್ನ ಮುಂದಿರುವುದನ್ನು ಕೇಳುತ್ತದೆ. ಮುಂದಿರುವುದು ಯಾರು? ನೀವು. ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ವಾಪಸ್ ಬರುವ ಸದ್ದು ನೇರ ಮೈಕಿನ ಬಾಯಿಗೇ ಹೋಗುತ್ತದೆ. ಹಾಗಾಗಿ ಮೊದಲ ಕೌದಿ ಹಾಡುವವರ ಬೆನ್ನ ಹಿಂದೆ, ಎರಡನೆಯದು ಮೂರನೆಯದು ಎರಡು ಪಕ್ಕಕ್ಕೆ, ಆಮೇಲೆ ತಲೆ ಮೇಲೆ. ಮೈಕಿನ ಹಿಂದೆ ಕೊನೆಗೆ.

ಮತ್ತೆ ಚಪ್ಪಾಳೆ ತಟ್ಟಿ ನೋಡಿ. ಬಾಲ ಮಾಯವಾಗಿದ್ದರೆ ಮಾತ್ರ ಮುಂದಿನ ಹಂತ.

ಹಂತ 4: ಕರೆಂಟು ಮತ್ತು ಕಂಪ್ಯೂಟರ್

ನಮ್ಮ ಕರೆಂಟು 50 ಹರ್ಟ್ಜ್. ರೆಕಾರ್ಡಿಂಗ್‌ನಲ್ಲಿ ಒಂದೇ ಸಮ "ಮ್‌ಮ್‌ಮ್" ಅಂತ ಬಂದರೆ ಅದು 50 ಅಥವಾ ಅದರ ದುಪ್ಪಟ್ಟು 100ರ ಹಮ್. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಹಮ್ ನಿಂತರೆ ಕಳ್ಳ ಚಾರ್ಜರ್ ಅಥವಾ ಅರ್ಥಿಂಗ್.

ಎಲ್ಲ ಸಾಮಾನನ್ನೂ ಒಂದೇ ಒಳ್ಳೆಯ ಸ್ಪೈಕ್ ಬಸ್ಟರ್‌ಗೆ ಹಾಕಿ, ಆ ಸ್ಪೈಕ್ ಬಸ್ಟರ್ ಒಂದೇ ಮೂರು ಪಿನ್ ಸಾಕೆಟ್‌ನಲ್ಲಿರಲಿ. ಅದೇ ಲೈನಿನಲ್ಲಿ ಫ್ರಿಜ್, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಡಿಮ್ಮರ್ ಇದ್ದರೆ ರೆಕಾರ್ಡ್ ಮಾಡುವಾಗ ಆಫ್ ಮಾಡಿ. ಕೆಲವು ಎಲ್‌ಇಡಿ ಬಲ್ಬುಗಳೂ ಚಿರ್ರ್ ಅನ್ನುತ್ತವೆ.

ಒಂದು ಎಚ್ಚರಿಕೆ. ಹಮ್ ಹೋಗುತ್ತದೆ ಅಂತ ಅರ್ಥ್ ಪಿನ್ ಮುರಿದು ಹಾಕಿ ಅನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ತುಟಿ ಮೈಕಿಗೆ ತಾಗಿದಾಗ ಜುಂ ಅಂದರೆ ಅವತ್ತಿನ ರೆಕಾರ್ಡಿಂಗ್ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಹಾಡು ನಾಳೆಗೂ ಇರುತ್ತದೆ.

ಕಂಪ್ಯೂಟರ್‌ಗೆ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ದನಿ ರೆಕಾರ್ಡ್ ಮಾಡಲು ಸಾಕು. ಅದರ ಫ್ಯಾನ್ ಸದ್ದು ನೋಡಿಕೊಳ್ಳಿ, ಅಷ್ಟೆ.

ಹಂತ 5: ಮೈಕ್

ಈಗ ಅಂಗಡಿಗೆ ಹೋಗಬಹುದು. ರೂಮ್ ಹೇಗಾಯಿತು ಅನ್ನುವುದರ ಮೇಲೆ ಮೈಕ್ ನಿರ್ಧಾರವಾಗುತ್ತದೆ.

ರೂಮ್ ನಿಶ್ಶಬ್ದವಾಗಿದ್ದು, ಕೌದಿ ಕೆಲಸ ಚೆನ್ನಾಗಿ ಆಗಿದ್ದರೆ ಕಂಡೆನ್ಸರ್ (ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮ ಮೈಕ್) ತೆಗೆದುಕೊಳ್ಳಿ. ಆಡಿಯೋ ಟೆಕ್ನಿಕಾ ಎಟಿ2020, ರೋಡ್ ಎನ್‌ಟಿ1 ಥರದವು. ಇವಕ್ಕೆ ಇಂಟರ್‌ಫೇಸ್‌ನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು, ಅಂದರೆ ಮೈಕ್ ಕೇಬಲ್ ಮೂಲಕವೇ ಹೋಗುವ ಕರೆಂಟು. ರಸ್ತೆ ಪಕ್ಕದ ಮನೆ, ಸದ್ದು ತಡೆಯಲು ಆಗಲೇ ಇಲ್ಲ ಅಂದರೆ ಡೈನಾಮಿಕ್ (ಅಷ್ಟು ಸೂಕ್ಷ್ಮವಲ್ಲದ ಮೈಕ್) ಸಾಕು. ಶೂರ್ ಎಸ್‌ಎಂ58 ಇದ್ದರೂ ನಡೆಯುತ್ತದೆ. ಡೈನಾಮಿಕ್ ಮೈಕ್ ಹೊರಗಿನ ಸದ್ದನ್ನು ಜಾದೂ ಮಾಡಿ ಅಳಿಸುವುದಿಲ್ಲ, ಅದು ಬಾಯಿಗೆ ನಾಲ್ಕು ಬೆರಳಷ್ಟು ಹತ್ತಿರ ಇರುತ್ತದೆ, ಗುಟ್ಟು ಇಷ್ಟೇ. ದೂರ ಅರ್ಧಕ್ಕೆ ಇಳಿದರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ರೂಮಿನ ಗಲಾಟೆ ಇದ್ದಷ್ಟೇ ಇರುತ್ತದೆ.

ಕಂಡೆನ್ಸರ್ ಆದರೆ ಒಂದು ಗೇಣಿನ ದೂರ. ತಾರಸ್ಥಾಯಿಗೆ ಹೋದಾಗ ತಲೆ ಕೊಂಚ ಹಿಂದಕ್ಕೆ, ಮಂದ್ರಕ್ಕೆ ಬಂದಾಗ ಕೊಂಚ ಮುಂದಕ್ಕೆ. ತೀರಾ ಹತ್ತಿರ ಬಂದರೆ ಕೆಳಗಿನ ಸ್ವರ ಊದಿಕೊಳ್ಳುತ್ತದೆ. ಓದುವವರಿಗೆ ಈ ಊತ ಇಷ್ಟವಾಗುತ್ತದೆ, ಹಾಡುವವರಿಗೆ ಸಾಹಿತ್ಯ ಮಸುಕಾಗುತ್ತದೆ.

ಕೊಳ್ಳುವಾಗಿನ ಎಚ್ಚರಿಕೆಗಳು. ಮೈಕ್, ಸೌಂಡ್ ಕಾರ್ಡ್, ಮೈಕ್ ಹಿಡಿಯುವ ತೋಳು, ಫೋಮ್ ಎಲ್ಲ ಒಂದೇ ಡಬ್ಬಿಯಲ್ಲಿ ಪುಡಿಗಾಸಿಗೆ ಬಂದರೆ ಒಳಗಿನ ಮೈಕಿಗೆ ಏನು ಬೆಲೆ ಬಂದಿರಬಹುದು ಅಂತ ನೀವೇ ಲೆಕ್ಕ ಹಾಕಿ. ಎಸ್‌ಎಂ58ರ ನಕಲಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಅಸಲಿ ಸುಮಾರು 298 ಗ್ರಾಂ ತೂಗುತ್ತದೆ, ನಕಲಿ ಹಲವು ಸಲ ಕೈಗೆ ಹಗುರ ಅನ್ನಿಸುತ್ತದೆ. ನಾನೂ ಒಮ್ಮೆ ಒಂದು ಅಂಗಡಿಯಲ್ಲಿ "ನಿಮಗೋಸ್ಕರ ಸಾರ್" ಅಂದ ಮಾತಿಗೆ ಕರಗಿ ಬಿಲ್ ಇಲ್ಲದೆ ತಂದು ಕೈ ಸುಟ್ಟುಕೊಂಡೆ. ಮನೆಗೆ ಬಂದು ಅಡುಗೆಮನೆ ತಕ್ಕಡಿಯಲ್ಲಿ ಇಟ್ಟಾಗಲೇ ಗೊತ್ತಾಯಿತು.

ಹಂತ 6: ಇಂಟರ್‌ಫೇಸ್

ಮೂರು ವಿಷಯ ನೋಡಿ, ಉಳಿದದ್ದೆಲ್ಲ ಡಬ್ಬಿ ಮೇಲಿನ ಬಣ್ಣ.

ಒಂದು, ಹಂತ 1ರಲ್ಲಿ ಬರೆದ ಸಂಖ್ಯೆಯಷ್ಟು ಮೈಕ್ ಇನ್‌ಪುಟ್. "2 ಇನ್" ಅಂದ ಕೂಡಲೇ ಎರಡು ಮೈಕ್ ಹಾಕಬಹುದು ಅಂದುಕೊಳ್ಳಬೇಡಿ, ಕೆಲವದರಲ್ಲಿ ಒಂದು ಮೈಕಿಗೆ, ಇನ್ನೊಂದು ಗಿಟಾರಿಗೆ. ಎರಡು, ಗೇನ್, ಅಂದರೆ ಮೈಕಿನಿಂದ ಬರುವ ಸಣ್ಣ ಸಿಗ್ನಲನ್ನು ಎಷ್ಟು ಏರಿಸಬಲ್ಲದು ಅನ್ನುವುದು. ಶೂರ್ ಎಸ್‌ಎಂ7ಬಿ ಥರದ ಮೈಕಿಗೆ 60 ಡೆಸಿಬೆಲ್‌ನಷ್ಟು ಗೇನ್ ಬೇಕು. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ರ ಮೂರನೇ ತಲೆಮಾರಿನದರಲ್ಲಿ 56 ಇತ್ತು, ನಾಲ್ಕನೆಯದರಲ್ಲಿ 69 ಇದೆ. ಹೆಸರು ಒಂದೇ, ಕೆಲಸ ಬೇರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನೋಡದೆ ತಂದು "ದನಿ ಸಣ್ಣಗೆ ಬರ್ತಿದೆ" ಅಂತ ಪೇಚಾಡುತ್ತಾರೆ. ಮೂರು, ಡೈರೆಕ್ಟ್ ಮಾನಿಟರಿಂಗ್ ಸ್ವಿಚ್. ಇದು ನಿಮ್ಮ ದನಿಯನ್ನು ಕಂಪ್ಯೂಟರ್ ಸುತ್ತಿಸದೆ ನೇರ ಹೆಡ್‌ಫೋನ್‌ಗೆ ಕೊಡುತ್ತದೆ.

ವಿಂಡೋಸ್ ಇದ್ದರೆ ಆ ಕಂಪನಿಯದ್ದೇ ಎಎಸ್‌ಐಒ ಡ್ರೈವರ್ (ಸದ್ದು ತಡವಾಗದ ಹಾಗೆ ಇಂಟರ್‌ಫೇಸನ್ನು ಓಡಿಸುವ ಸಾಫ್ಟ್‌ವೇರ್) ಇದೆಯಾ ಅಂತ ಕೊಳ್ಳುವ ಮೊದಲೇ ನೋಡಿ.

ಹಂತ 7: ಹೆಡ್‌ಫೋನ್ ಮತ್ತು ಸಣ್ಣಪುಟ್ಟ ಸಾಮಾನು

ಕಿವಿ ಪೂರ್ತಿ ಮುಚ್ಚುವ, ಹಿಂಬದಿ ಮುಚ್ಚಿದ ಹೆಡ್‌ಫೋನ್ ಬೇಕು. ಸೋನಿ ಎಂಡಿಆರ್-7506, ಆಡಿಯೋ ಟೆಕ್ನಿಕಾ ಎಂ50ಎಕ್ಸ್, ಸೆನ್‌ಹೈಸರ್ ಎಚ್‌ಡಿ 280 ಪ್ರೊ, ಇವುಗಳಲ್ಲಿ ಯಾವುದೂ ಆದೀತು. ಬ್ಲೂಟೂತ್ ಬೇಡವೇ ಬೇಡ, ದನಿ ತಡವಾಗಿ ಬರುತ್ತದೆ.

ಶಾಸ್ತ್ರೀಯ ಹಾಡುವವರಿಗೆ ವಿಶೇಷವಾಗಿ: ತಂಬೂರ ಆ್ಯಪ್‌ನ ಸದ್ದು ಹೆಡ್‌ಫೋನ್‌ನಲ್ಲೇ ಬರಲಿ, ಪಕ್ಕದ ಸ್ಪೀಕರ್‌ನಲ್ಲಿ ಅಲ್ಲ. ಒಮ್ಮೆ ದನಿಯ ಟ್ರ್ಯಾಕಿಗೆ ಸೇರಿಬಿಟ್ಟರೆ ಆಮೇಲೆ ಬೇರೆ ಮಾಡಲು ಹರಸಾಹಸ. "ಹೆಡ್‌ಫೋನ್ ಹಾಕಿದ್ರೆ ಶ್ರುತಿ ಸಿಗಲ್ಲ" ಅನ್ನುವವರು ಒಂದು ಕಿವಿ ತೆರೆದುಕೊಳ್ಳಿ. ಆದರೆ ತೆರೆದ ಕಿವಿಯ ಕಡೆಯದನ್ನು ತಲೆಗೆ ಒತ್ತಿಟ್ಟುಕೊಳ್ಳಿ, ಇಲ್ಲವಾದರೆ ಅದರಿಂದಲೇ ಸದ್ದು ಸೋರುತ್ತದೆ.

ಸ್ಟ್ಯಾಂಡ್ ಭಾರದ್ದಿರಲಿ, ಹಗುರಾದದ್ದು ತಲೆಕೆಳಗಾಗಿ ಮೈಕ್ ಹೋದರೆ ಯಾರನ್ನು ಬೈಯುತ್ತೀರಿ? ಪಾಪ್ ಫಿಲ್ಟರ್ (ಪ, ಬ ಅನ್ನುವಾಗಿನ ಗಾಳಿಯ ಹೊಡೆತ ತಡೆಯುವ ಜಾಲರಿ) ಮೈಕಿನಿಂದ ನಾಲ್ಕು ಬೆರಳು ಮುಂದೆ. ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್ನಿನ ಮೈಕ್ ಕೇಬಲ್) ಮೂರರಿಂದ ಐದು ಮೀಟರ್ ಸಾಕು. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳ ಎಸ್.ಪಿ. ರೋಡ್ ಇದ್ದೇ ಇದೆ. ಒಂದು ಕೇಬಲ್ ಹೆಚ್ಚಿಗೆ ತನ್ನಿ, ಯಾಕೆಂದರೆ ತೊಂದರೆ ಬಂದಾಗ ಮೊದಲು ಬದಲಾಯಿಸಿ ನೋಡಬೇಕಾದ್ದು ಅದನ್ನೇ.

ಹಂತ 8: ಜೋಡಿಸುವ ಕ್ರಮ

ಡ್ರೈವರ್ ಮೊದಲು ಹಾಕಿ, ಆಮೇಲೆ ಇಂಟರ್‌ಫೇಸ್ ಚುಚ್ಚಿ. ಯುಎಸ್‌ಬಿ ಹಬ್ ಮೂಲಕ ಬೇಡ, ನೇರ ಕಂಪ್ಯೂಟರ್‌ಗೆ. ಗೇನ್ ಸೊನ್ನೆಗೆ ತಿರುಗಿಸಿ. ಹೆಡ್‌ಫೋನ್ ತಲೆಯಿಂದ ತೆಗೆದಿಡಿ. ಮೈಕ್ ಕೇಬಲ್ ಹಾಕಿ. ಈಗ 48 ವೋಲ್ಟ್ ಒತ್ತಿ, ಹತ್ತು ಸೆಕೆಂಡ್ ಬಿಡಿ. ಕಳಚುವಾಗ ಇದರ ಉಲ್ಟಾ: ಮೊದಲು 48 ವೋಲ್ಟ್ ಆಫ್, ಆಮೇಲೆ ಕೇಬಲ್. ಹಳೇ ರಿಬ್ಬನ್ ಮೈಕ್ ಯಾರಾದರೂ ಕೊಟ್ಟಿದ್ದರೆ ಅದಕ್ಕೆ ಫ್ಯಾಂಟಮ್ ಕೊಡಬೇಡಿ, ಒಳಗಿನ ಪಟ್ಟಿ ಹರಿಯಬಹುದು.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ರೀಪರ್ 60 ದಿನ ಪ್ರಯೋಗಕ್ಕೆ ಸಿಗುತ್ತದೆ, ಓದುವ ಕೆಲಸಕ್ಕೆ ಆಡಾಸಿಟಿ ಪುಕ್ಕಟೆ.

ಸೆಟ್ಟಿಂಗ್: 24 ಬಿಟ್, 48 ಕಿಲೋಹರ್ಟ್ಜ್. ಇಂಟರ್‌ಫೇಸ್‌ನಲ್ಲೂ ಸಾಫ್ಟ್‌ವೇರ್‌ನಲ್ಲೂ ಒಂದೇ ಅಂಕಿ ಇರಬೇಕು. 44.1ರಲ್ಲಿ ಮಾಡಿದ್ದನ್ನು 48 ಅಂತ ಓಡಿಸಿದರೆ ವೇಗವೂ ಹೆಚ್ಚುತ್ತದೆ, ಶ್ರುತಿಯೂ ಸುಮಾರು ಒಂದೂವರೆ ಸ್ವರಸ್ಥಾನ ಮೇಲೆ ಹೋಗಿ ಕೂರುತ್ತದೆ. ಒಂದು ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ, ಡಿಸ್ಕಿನಲ್ಲಿ ಜಾಗ ಇದೆಯಾ ನೋಡಿ.

ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಣುಕು): ಹಾಡುವಾಗ 128 ಸ್ಯಾಂಪಲ್. ಅಂದರೆ ಒಂದು ಬಫರ್‌ಗೆ ಸುಮಾರು 2.7 ಮಿಲಿಸೆಕೆಂಡ್. ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ. ಹಾಡುವಾಗಲೂ 1024 ಇದ್ದರೆ, ಡೈರೆಕ್ಟ್ ಮಾನಿಟರಿಂಗ್ ಆಫ್ ಇದ್ದರೆ, ನಿಮ್ಮ ದನಿಯೇ ನಿಮಗೆ ತಡವಾಗಿ ಕೇಳಿ ತಾಳ ಜಾರುತ್ತದೆ. ಡೈರೆಕ್ಟ್ ಮಾನಿಟರಿಂಗ್, ಸಾಫ್ಟ್‌ವೇರ್‌ನ ಮಾನಿಟರಿಂಗ್ ಎರಡೂ ಆನ್ ಇದ್ದರೆ ದನಿ ಜೋಡಿ ಜೋಡಿ ಕೇಳುತ್ತದೆ, ಸಾಫ್ಟ್‌ವೇರ್‌ನದ್ದನ್ನು ಆಫ್ ಮಾಡಿ.

ಹಂತ 9: ಗೇನ್

"ಹಲೋ ಹಲೋ ಮೈಕ್ ಟೆಸ್ಟಿಂಗ್" ಅಂತ ಹೇಳಿ ಗೇನ್ ಇಡಬೇಡಿ. ಹಾಡಿನಲ್ಲಿ ಅತಿ ಜೋರಾಗಿ ಬರುವ ಸಾಲು ಯಾವುದೋ ಅದನ್ನೇ ಪೂರ್ತಿ ದನಿಯಲ್ಲಿ ಹಾಡಿ, ಆಗ ಮೀಟರ್‌ನ ತುದಿ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿರಲಿ. ನಿಜವಾದ ಟೇಕ್‌ನಲ್ಲಿ ಉತ್ಸಾಹ ಬಂದು ಇನ್ನೂ ಜೋರಾಗುತ್ತದೆ, ಅದಕ್ಕೇ ಈ ಜಾಗ.

ಮೀಟರ್ ಕೆಂಪಾಯಿತು ಅಂದರೆ ಆ ಟೇಕ್ ಮುಗಿಯಿತು. ಒಡೆದ ದನಿಯನ್ನು ಆಮೇಲೆ ಸರಿ ಮಾಡಲು ಆಗುವುದಿಲ್ಲ. ಕಡಿಮೆ ಬಂದರೆ ಏರಿಸಬಹುದು, 24 ಬಿಟ್‌ನಲ್ಲಿ ಅಷ್ಟು ಅವಕಾಶ ಇದೆ.

ಹಂತ 10: ಪರೀಕ್ಷೆ, ಮತ್ತು ಯಾವ ಸದ್ದಿಗೆ ಯಾವ ಮದ್ದು

ಹತ್ತು ಸೆಕೆಂಡ್ ಮೌನ, ಒಂದು ಚರಣ, ಮತ್ತೆ ಹತ್ತು ಸೆಕೆಂಡ್ ಮೌನ. ಇಷ್ಟು ರೆಕಾರ್ಡ್ ಮಾಡಿ. ಹೆಡ್‌ಫೋನ್‌ನಲ್ಲಿ, ಫೋನ್ ಸ್ಪೀಕರ್‌ನಲ್ಲಿ, ಸಾಧ್ಯವಾದರೆ ಕಾರಿನಲ್ಲಿ ಕೇಳಿ. ಅಳತೆಗೋಲು ಬೇಕಾದರೆ ಆಡಿಬಲ್‌ಗೆ ಆಡಿಯೋಬುಕ್ ಕೊಡುವ ಎಸಿಎಕ್ಸ್‌ನ ನಿಯಮ ಇಟ್ಟುಕೊಳ್ಳಿ. ಮುಗಿಸಿದ ಫೈಲಿನಲ್ಲಿ ಮೌನದ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗೆ, ತುದಿ ಮೈನಸ್ 3 ದಾಟಬಾರದು, ಸರಾಸರಿ ಮೈನಸ್ 23ರಿಂದ 18ರ ಒಳಗೆ.

ದನಿ ದೂರದಿಂದ, ಮಸುಕಾಗಿ ಬರುತ್ತಿದೆಯಾ? ಮೈಕಿನ ಹಿಂಬದಿಗೆ ಹಾಡುತ್ತಿದ್ದೀರಿ. ನಗಬೇಡಿ, ಇದು ದಿನನಿತ್ಯದ ಕಥೆ. ದೊಡ್ಡ ಕಂಡೆನ್ಸರ್‌ಗಳಿಗೆ ಪಕ್ಕದಿಂದ ಹಾಡಬೇಕು, ತುದಿಗೆ ಅಲ್ಲ. ಮುಂಭಾಗ ಯಾವುದು ಅಂತ ಕೈಪಿಡಿಯಲ್ಲಿ ನೋಡಿ.

ಹಿಂದೆ ಗಾಳಿ ಬೀಸಿದ ಹಾಗೆ ಸದ್ದು ಬಂದರೆ ಫ್ಯಾನ್ ಅಥವಾ ಲ್ಯಾಪ್‌ಟಾಪ್. ಕಾರ್ಡಿಯಾಯ್ಡ್ ಮೈಕ್ ತನ್ನ ನೇರ ಬೆನ್ನ ಹಿಂದಿನದನ್ನು ಅತಿ ಕಡಿಮೆ ಕೇಳುತ್ತದೆ, ಹಾಗಾಗಿ ಲ್ಯಾಪ್‌ಟಾಪನ್ನು ಅಲ್ಲಿಗೆ ಸರಿಸಿ. ಟಕ್ ಟಕ್ ಅಂತ ತುಂಡು ತುಂಡಾದರೆ ಬಫರ್ ಸಾಲುತ್ತಿಲ್ಲ, 256 ಮಾಡಿ. ದನಿ ನೀರೊಳಗಿಂದ ಬಂದ ಹಾಗೆ, ಸಾಲಿನ ಕೊನೆ ನುಂಗಿದ ಹಾಗೆ ಕೇಳಿದರೆ ವಿಂಡೋಸ್‌ನ ನಾಯ್ಸ್ ಸಪ್ರೆಷನ್ ಆನ್ ಇದೆ, ತಂಬೂರದ ಶತ್ರು ಅದು, ಆಫ್ ಮಾಡಿ. ದನಿಯೇ ಇಲ್ಲ ಅಂದರೆ 48 ವೋಲ್ಟ್, ಕೇಬಲ್, ಸಾಫ್ಟ್‌ವೇರ್‌ನಲ್ಲಿ ಆರಿಸಿದ ಇನ್‌ಪುಟ್, ಇದೇ ಕ್ರಮದಲ್ಲಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಹಂತ 11: ಸ್ಪೀಕರ್, ಮತ್ತು ಮೈಕ್ ಎತ್ತಿಡುವುದು

ಮೂರು ನಾಲ್ಕು ತಿಂಗಳು ಹೆಡ್‌ಫೋನ್‌ನಲ್ಲೇ ಕೆಲಸ ಮಾಡಿದ ಮೇಲೆ, ಇನ್ನೂ ಬೇಕು ಅನ್ನಿಸಿದರೆ ಐದಿಂಚಿನ ಜೋಡಿ ಮಾನಿಟರ್ ಸ್ಪೀಕರ್ ತನ್ನಿ. ಎಂಟಿಂಚು ಸಣ್ಣ ರೂಮಿಗೆ ಭಾರ, ಬಾಸ್ ಎಲ್ಲ ಗೋಡೆಗೆ ಹೊಡೆದು ಸುಳ್ಳು ಹೇಳುತ್ತದೆ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗಲಿ, ಮೇಲಿನ ಸಣ್ಣ ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ಹತ್ತಡಿ ರೂಮಿನಲ್ಲಿ ಕುರ್ಚಿ ಮುಂದಿನ ಗೋಡೆಯಿಂದ ಸುಮಾರು ನಾಲ್ಕಡಿಗೆ ಇಟ್ಟು ಶುರು ಮಾಡಿ. ರೆಕಾರ್ಡ್ ಒತ್ತುವ ಮೊದಲು ಸ್ಪೀಕರ್ ಆಫ್ ಮಾಡುವ ಅಭ್ಯಾಸ ಮಾಡಿಕೊಳ್ಳಿ.

ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರು ಕಂಡೆನ್ಸರ್ ಮೈಕನ್ನು ಮಳೆಗಾಲದಲ್ಲಿ ಸ್ಟ್ಯಾಂಡಿನಲ್ಲೇ ಬಿಡಬೇಡಿ. ತೇವ ಕೂತರೆ ಚಿಟಪಟ ಸದ್ದು ಬರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಾಯಿಸಿ. ಆಗಲೇ ಚಿಟಪಟ ಶುರುವಾಗಿದ್ದರೆ ಹೇರ್ ಡ್ರೈಯರ್ ಹಿಡಿಯಬೇಡಿ, ಹೊಸ ಜೆಲ್ ಹಾಕಿದ ಡಬ್ಬಿಯಲ್ಲಿ ಎರಡು ದಿನ ಬಿಟ್ಟು ನೋಡಿ.